ತಪ್ಪಿಹೋದ ಕಟ್ಟುಗಳು: ಕೋವಿಡ್ ವರ್ಷಗಳು ಮತ್ತು ನಿರ್ಲಕ್ಷಿತ ಕಾಯಿಲೆಗಳು

(ಮಂಡ್ಯದಲ್ಲಿ ಜನವರಿ 30ರಂದು ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂದಿನ ದಿನಾಂಕದಿಂದಲೇ ಮಾತು ಆರಂಭಿಸುತ್ತೇನೆ. ಜನವರಿ 30 ಗಾಂಧೀಜಿಯವರು ಹುತಾತ್ಮರಾದ ದಿನ. ಕುಷ್ಠರೋಗಿಗಳ ಸೇವೆಯನ್ನು ಅವರು ಬದುಕಿನ ಕೆಲಸವೆಂದೇ ಭಾವಿಸಿದ್ದರಿಂದ ನಮ್ಮ ದೇಶದಲ್ಲಿ ಇದು ಕುಷ್ಠರೋಗ ವಿರೋಧಿ ದಿನವೂ ಹೌದು. 2020ರಲ್ಲಿ ಇದೇ ದಿನ ಜಗತ್ತು ಮೊದಲ ಬಾರಿಗೆ ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ದಿನವನ್ನು ಆಚರಿಸಿತು. ಅದೇ ದಿನ ಕೇರಳದಲ್ಲಿ ಭಾರತದ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು, ಮತ್ತು ಅದೇ ದಿನ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊಸ ಕೊರೊನಾ ವೈರಾಣುವಿನ ಹರಡುವಿಕೆಯನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿ ಎಂದು ಘೋಷಿಸಿತು. ಯಾರೂ ಗಮನಿಸದ ಕಾಯಿಲೆಗಳಿಗೆಂದು ಕೊನೆಗೂ ಒಂದು ದಿನ ಸಿಕ್ಕಿತು. ಆದರೆ ಆ ದಿನದ ಸುದ್ದಿಯನ್ನೆಲ್ಲ ಬೇರೊಂದು ಕಾಯಿಲೆ ನುಂಗಿಹಾಕಿತು.

ನಿರ್ಲಕ್ಷಿತ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಂತಹ 20ಕ್ಕೂ ಹೆಚ್ಚು ಕಾಯಿಲೆಗಳೂ ಕಾಯಿಲೆಗಳ ಗುಂಪುಗಳೂ ಇವೆ. ಕುಷ್ಠರೋಗ, ಆನೆಕಾಲು ರೋಗ, ಮರಳುನೊಣದಿಂದ ಹರಡುವ ಕಾಲಾ ಅಜಾರ್ ಎಂಬ ಜ್ವರ, ಜಂತುಹುಳು, ರೇಬೀಸ್, ಡೆಂಗಿ, ಚಿಕೂನ್‌ಗುನ್ಯ ಇವುಗಳಲ್ಲಿ ಸೇರಿವೆ. ಹಾವಿನ ಕಡಿತವನ್ನು 2017ರಲ್ಲಿ ಸೇರಿಸಲಾಯಿತು. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನ ಇವುಗಳ ನೆರಳಿನಲ್ಲಿ ಬದುಕುತ್ತಿದ್ದಾರೆ. ಇವುಗಳಲ್ಲಿ ಕೆಲವು ಕೊಲ್ಲುತ್ತವೆ, ಬಹುಪಾಲು ಕೊಲ್ಲದೆ ಕೈಕಾಲುಗಳನ್ನು, ಕಣ್ಣನ್ನು, ದುಡಿಮೆಯನ್ನು, ಮದುವೆಯ ಸಂಬಂಧವನ್ನು ಕಸಿದುಕೊಳ್ಳುತ್ತವೆ. ಬಡವರಿಗೆ ಬರುವ ಕಾಯಿಲೆಗಳಾದ್ದರಿಂದ ಇವುಗಳಿಗೆ ಔಷಧ ಹುಡುಕುವವರು ಕಡಿಮೆ, ಇವುಗಳ ಬಗ್ಗೆ ಮಾತನಾಡುವವರು ಇನ್ನೂ ಕಡಿಮೆ.

ನಮ್ಮ ಸೀಮೆಗೆ ಸಾಂಕ್ರಾಮಿಕಗಳು ಹೊಸದಲ್ಲ. 1898ರಲ್ಲಿ ಮೈಸೂರಿಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಆ ಅನುಭವದ ಬೆನ್ನಿಗೇ 1903ರಲ್ಲಿ ನಗರದ ಸುಧಾರಣೆಗೆಂದು ಮಂಡಳಿಯೊಂದು ಸ್ಥಾಪನೆಯಾಗಿ, ಇಕ್ಕಟ್ಟಿನ ಕೇರಿಗಳು ತೆರೆದುಕೊಂಡವು. ಇಂದು ಮೈಸೂರಿನ ಅಗಲವಾದ ರಸ್ತೆಗಳನ್ನು ಹೊಗಳುವವರು ಪ್ಲೇಗಿಗೂ ಸ್ವಲ್ಪ ಋಣಿಯಾಗಿರಬೇಕು. ರಭಸದಿಂದ ಬರುವ ರೋಗವು ಆಳುವವರನ್ನು ಎಚ್ಚರಿಸುತ್ತದೆ. ನಿಧಾನವಾಗಿ ಬರುವ ರೋಗಕ್ಕೆ ಆ ಶಕ್ತಿಯಿಲ್ಲ. ಎರಡೂ ಒಟ್ಟಿಗೆ ಬಂದಾಗ ನಿಧಾನದ ರೋಗದ ಪಾಡೇನಾಗುತ್ತದೆ ಎಂಬುದು ಇವತ್ತಿನ ನನ್ನ ವಿಷಯ.

2020ರ ಏಪ್ರಿಲ್ 1ರಂದು ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳಿಗೂ ಒಂದು ಸಲಹೆ ಕೊಟ್ಟಿತು. ಮನೆಮನೆಗೆ ಹೋಗಿ ಔಷಧ ನುಂಗಿಸುವುದು, ಹುಡುಕಿಕೊಂಡು ಹೋಗಿ ರೋಗಿಗಳನ್ನು ಪತ್ತೆಹಚ್ಚುವುದು, ಸಮೀಕ್ಷೆ ನಡೆಸುವುದು ಇವನ್ನೆಲ್ಲ ಸದ್ಯಕ್ಕೆ ಮುಂದೂಡಿ ಎಂಬುದು ಅದರ ಸಾರ. ಆ ಸಲಹೆ ತಪ್ಪಾಗಿತ್ತೆಂದು ನಾನು ಹೇಳಲಾರೆ. ಸೋಂಕು ಹೇಗೆ ಹರಡುತ್ತದೆಂಬುದೇ ಸರಿಯಾಗಿ ಗೊತ್ತಿಲ್ಲದಿದ್ದಾಗ, ದಿನಕ್ಕೆ ಐವತ್ತು ಮನೆ ಹತ್ತಿಳಿಯುವ ಕಾರ್ಯಕರ್ತೆಯೇ ಸೋಂಕನ್ನು ಹೊತ್ತೊಯ್ದರೆ ಎಂಬ ಭಯ ಸಹಜವಾದದ್ದು. ಆದರೆ ಬೆಲೆಯನ್ನಂತೂ ತೆರಬೇಕಾಯಿತು. ಈ ಕಾಯಿಲೆಗಳ ತಡೆಗಾಗಿ ಸಾಮೂಹಿಕ ಚಿಕಿತ್ಸೆ ಪಡೆದವರ ಸಂಖ್ಯೆ ಜಗತ್ತಿನಲ್ಲಿ 2019ಕ್ಕೂ 2020ಕ್ಕೂ ನಡುವೆ ಶೇ. 34ರಷ್ಟು ಕುಸಿಯಿತು. 2021ರಲ್ಲಿ ಅದು ಮೇಲೆದ್ದದ್ದು ಶೇ. 11ರಷ್ಟು ಮಾತ್ರ.

ಒಂದು ವರ್ಷ ತಪ್ಪಿದರೆ ಮರುವರ್ಷ ಕೊಟ್ಟರಾಯಿತು, ಅದರಲ್ಲೇನು ಎಂದು ಒಬ್ಬ ವಿದ್ಯಾವಂತ ಗೆಳೆಯರು ನನ್ನನ್ನು ಕೇಳಿದ್ದರು. ಮಂಡ್ಯದ ರೈತರು ಈ ಪ್ರಶ್ನೆ ಕೇಳುವುದಿಲ್ಲವೆಂದು ನನಗೆ ಗೊತ್ತು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ಸರದಿಯಂತೆ, ನೀರು ಬಿಡುವಾಗ, ಭತ್ತ ಹೊಡೆ ಬರುವ ಹೊತ್ತಿನಲ್ಲಿ ಒಂದು ಕಟ್ಟು ತಪ್ಪಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಎರಡು ಪಟ್ಟು ನೀರು ಹರಿಸಿದರೂ ಜೊಳ್ಳು ಜೊಳ್ಳಾಗಿಯೇ ಉಳಿಯುತ್ತದೆ. ಆನೆಕಾಲು ರೋಗದ ನಿಯಂತ್ರಣವೂ ಹೀಗೆಯೇ ಕಟ್ಟಿನ ಲೆಕ್ಕದಲ್ಲಿ ನಡೆಯುವಂಥದ್ದು.

ಆ ರೋಗದ ಹುಳು ನಮ್ಮ ದೇಹದ ದುಗ್ಧರಸದ ನಾಳಗಳಲ್ಲಿ ವರ್ಷಗಟ್ಟಲೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ, ಬದುಕಿರುತ್ತದೆ. ಅದು ಹೆರುವ ಲಕ್ಷಾಂತರ ಸೂಕ್ಷ್ಮ ಮರಿಗಳು ರಾತ್ರಿಯ ಹೊತ್ತು ರಕ್ತಕ್ಕೆ ಬರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಅವನ್ನು ಹೀರಿ ಇನ್ನೊಬ್ಬರಿಗೆ ದಾಟಿಸುತ್ತದೆ. ವರ್ಷಕ್ಕೊಮ್ಮೆ ಕೊಡುವ ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆಗಳು ಮರಿಗಳನ್ನು ಚೆನ್ನಾಗಿ ಕೊಲ್ಲುತ್ತವೆ, ತಾಯಿಹುಳುವನ್ನು ಪೂರ್ತಿಯಾಗಿ ಕೊಲ್ಲಲಾರವು. ಹಾಗಾಗಿ ತಾಯಿಹುಳು ಮುದಿಯಾಗಿ ಸಾಯುವವರೆಗೆ, ಕನಿಷ್ಠ ಐದು ವರ್ಷ, ಊರಿನ ಒಟ್ಟು ಜನಸಂಖ್ಯೆಯಲ್ಲಿ ಶೇ. 65ಕ್ಕಿಂತ ಹೆಚ್ಚು ಜನ ಪ್ರತಿ ಸುತ್ತಿನಲ್ಲೂ ಮಾತ್ರೆ ನುಂಗಬೇಕು. ನಡುವೆ ಒಂದು ಸುತ್ತು ಬಿಟ್ಟುಹೋದರೆ ಬದುಕಿರುವ ತಾಯಿಹುಳು ರಕ್ತವನ್ನು ಮತ್ತೆ ಮರಿಗಳಿಂದ ತುಂಬುತ್ತದೆ. ಸೊಳ್ಳೆಗಳು ಹೆಚ್ಚಾಗಿದ್ದು ಹರಡುವಿಕೆ ಜೋರಾಗಿರುವ ಊರಿನಲ್ಲಿ ಒಂದು ವರ್ಷದ ಬಿಡುವು ಒಂದು ವರ್ಷಕ್ಕಿಂತ ಹೆಚ್ಚಿನ ಗಳಿಕೆಯನ್ನೇ ಅಳಿಸಬಲ್ಲದು. ಹರಡುವಿಕೆ ಕಡಿಮೆಯಿರುವ ಊರಿನಲ್ಲಿ ಅಷ್ಟು ನಷ್ಟವಾಗುವುದಿಲ್ಲ. ಅಂದರೆ ಅಡಚಣೆ ಎಲ್ಲರಿಗೂ ಒಂದೇ ಆಗಿದ್ದರೂ ಅದರ ಪೆಟ್ಟು ಬಿದ್ದದ್ದು ಮೊದಲೇ ಹಿಂದುಳಿದಿದ್ದ ಊರುಗಳ ಮೇಲೆ.

ಮೈಸೂರು ಮಂಡ್ಯಗಳು ಆನೆಕಾಲು ರೋಗದ ಜಿಲ್ಲೆಗಳಲ್ಲ. ನಮ್ಮ ರಾಜ್ಯದಲ್ಲಿ ಅದು ಕಲಬುರಗಿ, ಬೀದರ್, ರಾಯಚೂರು, ಯಾದಗಿರಿಗಳ ಕಡೆ ಮತ್ತು ಕರಾವಳಿಯಲ್ಲಿ ಇರುವಂಥದ್ದು. ಹಾಗೆಂದು ನಮಗೆ ಸಂಬಂಧವೇ ಇಲ್ಲವೆನ್ನಲಾಗದು. ಕಬ್ಬು ಕಡಿಯಲು, ಆಲೆಮನೆಗಳಲ್ಲಿ ಬೆಲ್ಲ ಕಾಯಿಸಲು ನಮ್ಮಲ್ಲಿಗೆ ಬರುವವರಲ್ಲಿ ಉತ್ತರ ಕರ್ನಾಟಕದವರೂ ಬಿಹಾರದವರೂ ಇದ್ದಾರೆ. ಅವರ ಊರಿನಲ್ಲಿ ಮಾತ್ರೆ ನುಂಗಿಸುವ ದಿನ ಅವರು ಇಲ್ಲಿರುತ್ತಾರೆ. ಇಲ್ಲಿ ಅವರನ್ನು ಕೇಳುವ ಪಟ್ಟಿಯೇ ಇರುವುದಿಲ್ಲ. ಇನ್ನು ರೋಗ ಎಷ್ಟಿದೆ ಎಂದು ತಿಳಿಯುವ ಹಳೆಯ ವಿಧಾನವೆಂದರೆ ರಾತ್ರಿ ರಕ್ತ ಪರೀಕ್ಷೆ. ಕರ್ಫ್ಯೂ ಇರುವ ಊರಿನಲ್ಲಿ ರಾತ್ರಿ ಹತ್ತರ ಮೇಲೆ ಬಾಗಿಲು ತಟ್ಟಿ, ಬೆರಳು ಚುಚ್ಚಬೇಕು ಎಂದು ಕೇಳುವುದು ಹೇಗೆಂದು ನೀವೇ ಊಹಿಸಿ.

ಈಗ ನನಗೆ ಹೆಚ್ಚು ಪರಿಚಯವಿರುವ ಕುಷ್ಠರೋಗಕ್ಕೆ ಬರುತ್ತೇನೆ. ಅಂಕಿಗಳನ್ನು ಮೊದಲು ಕೇಳಿ. 2019ರಲ್ಲಿ ಭಾರತದಲ್ಲಿ ಪತ್ತೆಯಾದ ಹೊಸ ಪ್ರಕರಣಗಳು ಸುಮಾರು 1 ಲಕ್ಷ 14 ಸಾವಿರ. 2020ರಲ್ಲಿ ಅದು 65 ಸಾವಿರಕ್ಕೆ ಇಳಿಯಿತು. 2021ರಲ್ಲಿ 75 ಸಾವಿರ, 2022ರಲ್ಲಿ ಮತ್ತೆ 1 ಲಕ್ಷ ದಾಟಿತು. ಕುಷ್ಠರೋಗದ ಬಗ್ಗೆ ಏನೂ ತಿಳಿಯದವರು ಈ ಅಂಕಿಗಳನ್ನು ನೋಡಿದರೆ 2020ನ್ನು ಸುವರ್ಣ ವರ್ಷವೆಂದು ಕರೆದಾರು. ಆದರೆ ಈ ರೋಗಾಣು ಎರಡಾಗಿ ಒಡೆಯುವುದಕ್ಕೇ ಎರಡು ವಾರದಷ್ಟು ಕಾಲ ಬೇಕು. ಸೋಂಕು ತಗುಲಿ ಮಚ್ಚೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಇಷ್ಟು ಸೋಮಾರಿಯಾದ ರೋಗವು ಒಂದೇ ವರ್ಷದಲ್ಲಿ ನಲವತ್ತು ಪ್ರತಿಶತ ತಗ್ಗುವುದು ಅಸಾಧ್ಯ. 2020ರಲ್ಲಿ ಕಾಣಿಸಬೇಕಿದ್ದ ಮಚ್ಚೆಗಳೆಲ್ಲ ಲಾಕ್‌ಡೌನ್ ಎಂಬ ಪದ ನಮ್ಮ ಬಾಯಿಗೆ ಬರುವ ಎಷ್ಟೋ ವರ್ಷ ಮೊದಲೇ ಚರ್ಮದೊಳಗೆ ಬೇರೂರಿದ್ದವು. ಅವು ಅಲ್ಲಿಯೇ ಇದ್ದವು, ನೋಡಲು ಯಾರೂ ಹೋಗಲಿಲ್ಲ.

ಹೀಗೆ ತಡವಾಗಿ ಬಂದವರಲ್ಲಿ ಒಬ್ಬ ಕೂಲಿ ಕಾರ್ಮಿಕರನ್ನು ನಾನು 2022ರಲ್ಲಿ ಕಂಡೆ. ಮೊಣಕೈಯ ಹಿಂದೆ ಹಾದುಹೋಗುವ ನರ ಹಗ್ಗದಂತೆ ದಪ್ಪವಾಗಿತ್ತು. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿ ನಿಂತಿದ್ದವು. ತೋಳಿನ ಮೇಲೆ ತಾಮ್ರದ ಬಣ್ಣದ, ಮುಟ್ಟಿದರೆ ತಿಳಿಯದ ಮಚ್ಚೆಯೊಂದು ಎರಡು ವರ್ಷದಿಂದ ಇದೆ ಎಂದರು. "ಆವಾಗ ಆಸ್ಪತ್ರೆ ಕಡೆ ತಲೆ ಹಾಕುದ್ರೆ ಕೊರೊನಾ ಅಂತ ಹಿಡ್ಕಂಡ್ ಹೋಯ್ತರೆ ಅಂತಿದ್ರು ಸಾರ್, ಅದ್ಕೇ ಸುಮ್ಕಾದೆ" ಎಂಬುದು ಅವರ ವಿವರಣೆ. ನೋವಿಲ್ಲದ, ತುರಿಕೆಯಿಲ್ಲದ ಮಚ್ಚೆಗಾಗಿ ಯಾರು ತಾನೇ ಅಂತಹ ಸಮಯದಲ್ಲಿ ಆಸ್ಪತ್ರೆಗೆ ಹೋಗುತ್ತಾರೆ? ಮನೆ ಬಾಗಿಲಿಗೆ ಬಂದು, ಅಂಗಿ ಸರಿಸಿ ತೋರಿಸಿ ಎಂದು ಕೇಳುವವರು ಬಂದಾಗ ಮಾತ್ರ ಇಂಥವು ಹೊರಬೀಳುತ್ತವೆ.

ಇಲ್ಲಿ ಕಾಲದ ಲೆಕ್ಕ ಬಹಳ ಕಟ್ಟುನಿಟ್ಟು. ನರದ ಶಕ್ತಿ ಕುಂದಿ ಆರು ತಿಂಗಳೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಚಿಕಿತ್ಸೆ ಆರಂಭಿಸಿದರೆ ಕೈ ಮರಳಿ ಸರಿಯಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ಆಮೇಲೆ ಅದು ಬೇಗನೆ ಕ್ಷೀಣಿಸುತ್ತದೆ. ರೋಗಾಣುವನ್ನು ಕೊಲ್ಲುವ ಬಹುಔಷಧ ಚಿಕಿತ್ಸೆಯನ್ನು ಎಂದು ಬೇಕಾದರೂ ಆರಂಭಿಸಬಹುದು, ಅದು ಉಚಿತವಾಗಿಯೂ ಸಿಗುತ್ತದೆ, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಮುಗಿಯುತ್ತದೆ. ಬಾಗಿದ ಬೆರಳನ್ನು ನೆಟ್ಟಗೆ ಮಾಡುವ ಮಾತ್ರೆ ಅದರಲ್ಲಿಲ್ಲ. ಹಾಗಾಗಿ ಸಾಂಕ್ರಾಮಿಕದ ನಿಜವಾದ ಲೆಕ್ಕ ಸಿಗುವುದು ಎಷ್ಟು ಪ್ರಕರಣ ಎಂಬ ಕಾಲಂನಲ್ಲಿ ಅಲ್ಲವೆಂದು ನನ್ನ ಅಭಿಪ್ರಾಯ. ಪತ್ತೆಯಾದಾಗಲೇ ಅಂಗವಿಕಲತೆ ಇದ್ದವರು ಎಷ್ಟು ಎಂಬ, ಯಾರೂ ಹೆಚ್ಚಾಗಿ ತಿರುಗಿಸಿ ನೋಡದ ಕಾಲಂ ಇನ್ನೊಂದಿದೆ. ಅದನ್ನು ನೋಡಬೇಕು.

ನಿಧಾನದ ಕಾಯಿಲೆಗಳ ಕತೆ ಇದಾದರೆ, ಅವಸರದ ಕಾಯಿಲೆಗಳ ಕತೆ ಬೇರೆ. ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ಅಂದರೆ ವರ್ಷಕ್ಕೆ ಸರಾಸರಿ ಸುಮಾರು 58 ಸಾವಿರ. ಲಾಕ್‌ಡೌನ್‌ನಲ್ಲಿ ಕಚೇರಿ ಮುಚ್ಚಿತು, ಗದ್ದೆ ಮುಚ್ಚಲಿಲ್ಲ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆದು ಮೋಟಾರು ಹಾಕುವುದು ಎಂದಿನಂತೆಯೇ ಇತ್ತು. ಕೊಳಕುಮಂಡಲ ಕಚ್ಚಿದವರಿಗೆ ರಕ್ತ ಹೆಪ್ಪುಗಟ್ಟುವ ಗುಣವೇ ಹೋಗಿ, ಮೂತ್ರಪಿಂಡ ಕೈಕೊಡುತ್ತದೆ. ಕಟ್ಟುಹಾವು ಕಚ್ಚಿದವರಿಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಎರಡಕ್ಕೂ ಬೇಕಾದದ್ದು ಗಂಟೆಗಳ ಒಳಗೆ ಪ್ರತಿವಿಷ, ಡಯಾಲಿಸಿಸ್, ವೆಂಟಿಲೇಟರ್. ಬಸ್ಸು ನಿಂತು, ಆಂಬುಲೆನ್ಸುಗಳು ಕೋವಿಡ್ ರೋಗಿಗಳ ಹಿಂದೆ ಓಡುತ್ತಿದ್ದ, ದೊಡ್ಡ ಆಸ್ಪತ್ರೆಗಳ ವಾರ್ಡುಗಳೂ ವೆಂಟಿಲೇಟರುಗಳೂ ಕೋವಿಡ್‌ಗೆ ಮೀಸಲಾಗಿದ್ದ ದಿನಗಳಲ್ಲಿ ಮಂತ್ರ ಹಾಕುವವರ ಮನೆಯೇ ಹತ್ತಿರವಾಗಿ ಕಂಡಿದ್ದರೆ ಜನರನ್ನು ದೂರಿ ಫಲವಿಲ್ಲ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಂತಹ ನಿಯಮ 2020ರಲ್ಲಿಯೇ ಇದ್ದಿದ್ದರೆ ಆ ಎರಡು ವರ್ಷ ಏನಾಯಿತೆಂಬುದಕ್ಕೆ ಇಂದು ನಮ್ಮ ಕೈಯಲ್ಲಿ ಒಂದು ದಾಖಲೆಯಾದರೂ ಇರುತ್ತಿತ್ತು.

ರೇಬೀಸಿನ ಮಾತೂ ಇದೇ. ನಾಯಿ ಕಚ್ಚಿದ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಮೊದಲ ಚುಚ್ಚುಮದ್ದು ಹಾಕಿಸಿ, ನಿಗದಿತ ದಿನಗಳಲ್ಲಿ ಉಳಿದವನ್ನೂ ಮುಗಿಸಬೇಕು. ಕಂಟೈನ್‌ಮೆಂಟ್ ವಲಯದ ಬ್ಯಾರಿಕೇಡ್ ದಾಟಿ ನಾಲ್ಕು ಸಲ ಆಸ್ಪತ್ರೆಗೆ ಹೋಗಿಬರುವುದು ಸುಲಭವಿರಲಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಡೆಂಗಿಯ ಅಂಕಿಗಳು ಕುಷ್ಠರೋಗದ ಅಂಕಿಗಳಂತೆಯೇ ಮೋಸಗೊಳಿಸುತ್ತವೆ, ಆದರೆ ಪೂರ್ತಿ ಅದೇ ರೀತಿಯಲ್ಲಿ ಅಲ್ಲ. ದೇಶದಲ್ಲಿ 2020ರಲ್ಲಿ ವರದಿಯಾದದ್ದು 44,585 ಪ್ರಕರಣ, ಮರುವರ್ಷ 1,93,245. ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳು ಮುಚ್ಚಿದ್ದರಿಂದ ಸೋಂಕಿತರ ಓಡಾಟ ನಿಂತು ಡೆಂಗಿ ನಿಜವಾಗಿಯೂ ಸ್ವಲ್ಪ ತಗ್ಗಿದ್ದಿರಬಹುದು. ಜ್ವರ ಬಂದವರಿಗೆಲ್ಲ ಮೂಗಿಗೆ ಕಡ್ಡಿ ಹಾಕಿ ಕೋವಿಡ್ ಪರೀಕ್ಷೆ ಮಾಡಿ, ನೆಗೆಟಿವ್ ಬಂದರೆ ಮನೆಗೆ ಕಳಿಸಿದ್ದೂ ಹೌದು. ಎರಡನ್ನೂ ಬೇರ್ಪಡಿಸಿ ತೂಗುವುದು ಕಷ್ಟ. ಲಾರ್ವಾ ಸಮೀಕ್ಷೆಗೆ ತೊಟ್ಟಿ, ಡ್ರಮ್ಮು, ಟೈರುಗಳನ್ನು ಇಣುಕಿ ನೋಡಬೇಕಾದ ಸಿಬ್ಬಂದಿ ಆಗ ಸೋಂಕಿತರ ಸಂಪರ್ಕಿತರನ್ನು ಹುಡುಕುತ್ತಿದ್ದರೆಂಬುದು ಮಾತ್ರ ಖಚಿತ.

ಇನ್ನೊಂದು ಸಂಗತಿ ಹೆಚ್ಚು ಚರ್ಚೆಯಾಗಲಿಲ್ಲ. ಔಷಧಗಳೇ ದಾರಿ ಬದಲಿಸಿದವು. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ಲೈಪೋಸೋಮಲ್ ಆಂಫೊಟೆರಿಸಿನ್ ಬಿ ಎಂಬ ಚುಚ್ಚುಮದ್ದಿಗಾಗಿ ಮನೆಯವರು ಊರೂರು ಅಲೆದದ್ದು ನಿಮಗೆ ನೆನಪಿರಬಹುದು. ಅದೇ ಔಷಧವು ಬಿಹಾರದ ಕಾಲಾ ಅಜಾರ್ ರೋಗಿಗೆ ಒಂದೇ ದಿನದಲ್ಲಿ ಗುಣ ಕೊಡುವ ಮದ್ದು. ಕಾಲಾ ಅಜಾರ್‌ಗೆ ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ, ಒಂದೇ ಸಲ. ಕಪ್ಪು ಶಿಲೀಂಧ್ರಕ್ಕೆ ಕಿಲೋಗೆ 5 ಮಿಲಿಗ್ರಾಂನಂತೆ ದಿನವೂ ಕೊಟ್ಟರೂ ಮೂರು ವಾರಕ್ಕೆ ಹತ್ತು ಜನ ಕಾಲಾ ಅಜಾರ್ ರೋಗಿಗಳ ಪಾಲು ಒಬ್ಬರಿಗೇ ಬೇಕಾಗುತ್ತದೆ. ಕಾಲಾ ಅಜಾರ್ ಕಾರ್ಯಕ್ರಮಕ್ಕೆ ಈ ಔಷಧ ದಾನವಾಗಿ, ಬೇರೆ ಮಾರ್ಗದಿಂದ ಬರುತ್ತದೆಂಬುದು ಸಮಾಧಾನದ ವಿಷಯ. ಆನೆಕಾಲು ರೋಗದ ತ್ರಿವಳಿ ಔಷಧ ಚಿಕಿತ್ಸೆಯಲ್ಲಿ ಬಳಸುವ ಐವರ್ಮೆಕ್ಟಿನ್ ಕತೆಯಂತೂ ವಿಚಿತ್ರ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಾಗ ಅದರ ಹೆಸರು ಕೇಳದಿದ್ದವರು, ಕೋವಿಡ್‌ಗೆ ಅದು ರಾಮಬಾಣವೆಂಬ ವಾಟ್ಸಾಪ್ ಸಂದೇಶ ನೋಡಿ ಡಬ್ಬಿಗಟ್ಟಲೆ ಕೊಂಡು ಮನೆಯಲ್ಲಿಟ್ಟುಕೊಂಡರು. ಸಂಶೋಧನೆಯ ಹೊರಗೆ ಅದನ್ನು ಕೋವಿಡ್‌ಗೆ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚಿನಲ್ಲಿಯೇ ಹೇಳಿತ್ತು.

ಎಲ್ಲವೂ ಕುಸಿಯಿತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಹಲವು ಗಡುವುಗಳನ್ನು ತಪ್ಪಿಸಿಕೊಂಡಿದ್ದ ಭಾರತದ ಕಾಲಾ ಅಜಾರ್ ಕಾರ್ಯಕ್ರಮವು, ಪ್ರತಿ ಬ್ಲಾಕಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿಯನ್ನು 2023ರ ಕೊನೆಯ ಹೊತ್ತಿಗೆ ಮುಟ್ಟಿತು. 2024ರ ಅಕ್ಟೋಬರಿನಲ್ಲಿ ಟ್ರಕೋಮಾ ಎಂಬ ಕಣ್ಣಿನ ಕಾಯಿಲೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂಬ ಮಾನ್ಯತೆಯೂ ನಮಗೆ ದೊರೆಯಿತು. ಬಹಳ ವರ್ಷ ಬಿಡದೆ ನಡೆದು, ಗುರಿಯ ಹತ್ತಿರ ಬಂದಿದ್ದ ಕಾರ್ಯಕ್ರಮಗಳು ಒಂದು ಪೆಟ್ಟನ್ನು ತಾಳಿಕೊಂಡವು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಜಂತುಹುಳುವಿನ ಮಾತ್ರೆಯ ವಿಷಯದಲ್ಲಿ ನನಗೆ ಅಷ್ಟು ಭರವಸೆಯಿಲ್ಲ. 2015ರಿಂದ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುವ ಪದ್ಧತಿ ನೆಲೆಗೊಂಡಿತ್ತು. ಬಿಸಿಯೂಟದ ನಂತರ ಮೇಷ್ಟ್ರು ಎದುರು ನಿಂತು, ಮಗು ಮಾತ್ರೆ ಅಗಿದು ನುಂಗುವುದನ್ನು ನೋಡಿ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಮಾತ್ರೆಯನ್ನು ಮನೆಗೆ ತಲುಪಿಸುವ ಏರ್ಪಾಡು ಆಯಿತು ನಿಜ. ಮನೆಗೆ ಕೊಟ್ಟ ಮಾತ್ರೆ ಗೂಡಿನಲ್ಲಿ ಉಳಿಯಿತೋ ಮಗುವಿನ ಹೊಟ್ಟೆ ಸೇರಿತೋ ಎಂಬುದನ್ನು ಯಾವ ವರದಿಯೂ ಹೇಳಲಾರದು.

ಇದುವರೆಗೆ ನಾನು ಹೇಳಿದ ಕಾಯಿಲೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕಾಗದದ ಮೇಲೆ ಇವೆಲ್ಲ ಬೇರೆ ಬೇರೆ ಕಾರ್ಯಕ್ರಮಗಳು, ಬೇರೆ ಬೇರೆ ಅಧಿಕಾರಿಗಳು, ಬೇರೆ ಬೇರೆ ಅನುದಾನಗಳು. ಹಳ್ಳಿಗೆ ಬರುವ ಹೊತ್ತಿಗೆ ಇವೆಲ್ಲ ಒಬ್ಬರೇ ಹೆಂಗಸಿನ ಚೀಲಕ್ಕೆ ಸೇರುತ್ತವೆ. ಸುಮಾರು ಸಾವಿರ ಜನರಿಗೆ ಒಬ್ಬ ಆಶಾ. 2020ರ ವಸಂತದಲ್ಲಿ ಮೈಸೂರು ಜಿಲ್ಲೆಯಲ್ಲಿ ನಂಜನಗೂಡಿನ ಸೋಂಕು ಹರಡಿದಾಗ, ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಿಂದ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಪ್ರಕರಣಗಳು ಏರಿದಾಗ, ಮನೆಮನೆಗೆ ಹೋಗಿ ಯಾರು ಎಲ್ಲಿಂದ ಬಂದರೆಂದು ಬರೆದುಕೊಂಡವರು ಅವರೇ. ಅವರ ಎರಡು ಕಾಲುಗಳು ಕೋವಿಡ್ ಕಡೆ ತಿರುಗಿದ ದಿನ ಮೇಲಿನ ಎಲ್ಲ ಕಾರ್ಯಕ್ರಮಗಳೂ ಒಟ್ಟಿಗೆ ನಿಂತವು. ಆ ವರ್ಷದ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಎಲ್ಲ ಆಶಾಗಳಿಗೂ ಜಾಗತಿಕ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಬಂದಷ್ಟು ಬೇಗ ಗೌರವಧನ ಬರಲಿಲ್ಲವೆಂಬ ಮಾತನ್ನು ಮುಂದಿನ ಸಾಲಿನಲ್ಲಿರುವವರ ನಗುವೇ ನನಗೆ ಹೇಳುತ್ತಿದೆ.

ಮಾತು ಮುಗಿಸಿದ ಮೇಲೆ ನಾಗಮಂಗಲ ಕಡೆಯ ಒಬ್ಬ ಆಶಾ ಎದ್ದು ನಿಂತು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಬರೆಯಬೇಕು. "ಸಾರ್, ಅಂಥ ಕಾಯ್ಲೆ ಇನ್ನೊಂದ್ ಸಲ ಬಂದ್ರೆ ಎಲ್ಲಾ ಪುಸ್ತಕಾನೂ ಮುಚ್ಚಿಡಿ ಅಂತರೆ. ಯಾವ್ದನ್ನ ಮುಚ್ಚಬಾರ್ದು ಅಂತ ಯಾರೂ ಹೇಳಾಕಿಲ್ಲ."

ನಾನು ಕೊಟ್ಟ ಉತ್ತರ ಇದು. ತಾಯಿ, ರಾತ್ರಿ ರಕ್ತ ಪರೀಕ್ಷೆ, ಸಮೀಕ್ಷೆಗಳು ಕೆಲವು ತಿಂಗಳು ಕಾಯಬಹುದು. ಸಾಮೂಹಿಕ ಮಾತ್ರೆಯನ್ನು ಒಂದು ಸುತ್ತು ಮುಂದೂಡಬಹುದು, ಆದರೆ ಮುಂದೂಡಿದ ದಿನವೇ ಮರುಸುತ್ತಿನ ದಿನಾಂಕವನ್ನೂ ಬರೆದಿಡಬೇಕು. ಒಂದು ವರ್ಷ ಪೂರ್ತಿ ತಪ್ಪಿದರೆ ಮುಂದಿನ ವರ್ಷ ಎರಡು ಸುತ್ತು ಕೇಳಬೇಕು. ಹಾವಿನ ಪ್ರತಿವಿಷ, ನಾಯಿ ಕಡಿತದ ಚುಚ್ಚುಮದ್ದು ಇವು ಒಂದು ದಿನವೂ ಕಾಯಲಾರವು, ಅವನ್ನು ಕೋವಿಡ್ ಇಲ್ಲದ ಒಂದು ಕಟ್ಟಡದಲ್ಲಿ ತಾಲ್ಲೂಕಿಗೊಂದಾದರೂ ಕಡೆ ಇಡಬೇಕು. ಕುಷ್ಠರೋಗಕ್ಕೆ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವವರಿಗೆ 28 ದಿನದ ಪ್ಯಾಕುಗಳನ್ನು ಮೂರು ತಿಂಗಳಿಗಾಗುವಷ್ಟು ಮೊದಲೇ ಕೈಗೆ ಕೊಟ್ಟುಬಿಡಿ, ಮತ್ತು ಅವರ ಫೋನ್ ನಂಬರ್ ಬರೆದುಕೊಂಡು ವಾರಕ್ಕೊಮ್ಮೆ ಕೇಳಿ: ಕೈ ಜೋಮು ಹಿಡಿಯುತ್ತಿದೆಯೇ, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿದೆಯೇ, ಕಣ್ಣು ಪೂರ್ತಿ ಮುಚ್ಚುತ್ತಿದೆಯೇ?

ಅವರು ಅದನ್ನು ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡರು. ಬರೆದ ಮೇಲೆ, "ಗುಂಡಿ ಹಾಕೋದು ಅಂದ್ರೆ ಯಾವ ಕೈಲಿ ಸಾರ್?" ಎಂದು ಕೇಳಿದರು. ಎರಡೂ ಕೈಯಲ್ಲಿ, ಬೇರೆ ಬೇರೆಯಾಗಿ ಎಂದೆ.